ಎಣಿಕೆಗೆ ಸಿಗದ ಸೋಂಕು, ಯಾರದೂ ಅಲ್ಲದ ಹೊಣೆ

ಆಸ್ಪತ್ರೆಗಳ ಲೋಪದೋಷಗಳು ನಮ್ಮಲ್ಲಿ ಸಾರ್ವಜನಿಕ ಚರ್ಚೆಗೆ ಬರುವುದು ಬಹುಮಟ್ಟಿಗೆ ಎರಡೇ ಸಂದರ್ಭಗಳಲ್ಲಿ. ಬಿಲ್ಲಿನ ಮೊತ್ತ ಕಂಡು ಬಂಧುಗಳು ಬೆಚ್ಚಿಬಿದ್ದಾಗ ಒಮ್ಮೆ. ಅನಿರೀಕ್ಷಿತ ಸಾವಿನ ಬಳಿಕ ಆಸ್ಪತ್ರೆಯ ಗಾಜು ಪುಡಿಯಾದಾಗ ಇನ್ನೊಮ್ಮೆ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರ ಸರಣಿ ಸಾವು ಸಂಭವಿಸಿದಾಗ ರಕ್ತನಾಳಕ್ಕೆ ಏರಿಸಿದ ದ್ರಾವಣದ ಗುಣಮಟ್ಟದ ಬಗ್ಗೆ ಅನುಮಾನವೆದ್ದು ರಾಜ್ಯದಾದ್ಯಂತ ಕೋಲಾಹಲವಾಯಿತು. ಅದು ಸಹಜವೂ ಹೌದು, ಅಗತ್ಯವೂ ಹೌದು. ಆದರೆ ದ್ರಾವಣದ ಶುದ್ಧತೆಯಷ್ಟೇ ಮುಖ್ಯವಾದುದು ಅದನ್ನು ದೇಹದೊಳಕ್ಕೆ ಒಯ್ಯುವ ಮಾರ್ಗದ ಶುದ್ಧತೆ. ಆ ಮಾರ್ಗದಲ್ಲಿ ನಿತ್ಯವೂ ಸಂಭವಿಸುವ ಹಾನಿ ಸದ್ದು ಮಾಡುವುದಿಲ್ಲ. ಅದು ಒಬ್ಬೊಬ್ಬ ರೋಗಿಯಾಗಿ, ಒಂದೊಂದು ಹಾಸಿಗೆಯಲ್ಲಿ, ‘ಮೂಲ ಕಾಯಿಲೆ ಉಲ್ಬಣಿಸಿತು’ ಎಂಬ ವಿವರಣೆಯ ಮರೆಯಲ್ಲಿ ಮುಗಿದುಹೋಗುತ್ತದೆ.

ತೀವ್ರ ನಿಗಾ ಘಟಕಕ್ಕೆ ಸೇರಿದ ರೋಗಿಯ ಬಂಧುಗಳ ಮುಂದೆ ಇಡಲಾಗುವ ಒಪ್ಪಿಗೆ ಪತ್ರಗಳಲ್ಲಿ ‘ಸೆಂಟ್ರಲ್ ಲೈನ್’ ಅಳವಡಿಕೆಯದೂ ಒಂದು. ಕತ್ತಿನ, ಕೊರಳೆಲುಬಿನ ಕೆಳಗಿನ ಅಥವಾ ತೊಡೆಸಂದಿನ ದೊಡ್ಡ ಅಭಿಧಮನಿಯೊಂದರ ಮೂಲಕ ತೆಳುವಾದ ನಳಿಕೆಯನ್ನು ಒಳಸೇರಿಸಿ, ಅದರ ತುದಿಯನ್ನು ಹೃದಯದ ಸಮೀಪದ ಮಹಾಸಿರೆಯವರೆಗೆ ಒಯ್ಯುವ ಕ್ರಮ ಇದು. ಕೈಯ ಸಣ್ಣ ನರಗಳು ತಾಳಲಾರದಂಥ ಪ್ರಬಲ ಔಷಧಗಳನ್ನು ಕೊಡಲು, ಕುಸಿದ ರಕ್ತದೊತ್ತಡವನ್ನು ಎತ್ತಿಹಿಡಿಯಲು, ತುರ್ತಾಗಿ ಡಯಾಲಿಸಿಸ್ ಮಾಡಲು, ಬಾಯಿಂದ ಆಹಾರ ಸೇವಿಸಲಾಗದವರಿಗೆ ಪೋಷಕಾಂಶ ಪೂರೈಸಲು ಇದು ಬೇಕೇ ಬೇಕು. ಇದಿಲ್ಲದೆ ಆಧುನಿಕ ತೀವ್ರ ನಿಗಾ ಘಟಕವನ್ನು ಊಹಿಸಿಕೊಳ್ಳಲೂ ಸಾಧ್ಯವಿಲ್ಲ.

ಈ ವಿದ್ಯೆಯ ಆರಂಭವೇ ಸಾಹಸದ್ದು. 1929ರಲ್ಲಿ ಜರ್ಮನಿಯ ಎಬರ್ಸ್‌ವಾಲ್ಡೆಯ ತರುಣ ವೈದ್ಯ ವೆರ್ನರ್ ಫಾರ್ಸ್‌ಮನ್ ತನ್ನದೇ ತೋಳಿನ ಅಭಿಧಮನಿಯ ಮೂಲಕ ನಳಿಕೆಯನ್ನು ಹೃದಯದವರೆಗೆ ತೂರಿಸಿಕೊಂಡು, ಎಕ್ಸ್‌ರೇ ಕೊಠಡಿಗೆ ನಡೆದು ಹೋಗಿ ಅದನ್ನು ಚಿತ್ರೀಕರಿಸಿದ. ಅಂದು ಟೀಕೆಗೆ ಗುರಿಯಾದ ಆತನಿಗೆ 1956ರಲ್ಲಿ ಇನ್ನಿಬ್ಬರೊಡನೆ ನೊಬೆಲ್ ಪ್ರಶಸ್ತಿ ದೊರೆಯಿತು. 1953ರಲ್ಲಿ ಸ್ವೀಡನ್ನಿನ ಸೆಲ್ಡಿಂಗರ್ ಎಂಬ ವೈದ್ಯ, ಸೂಜಿಯ ಮೂಲಕ ಮೊದಲು ತಂತಿಯನ್ನು ತೂರಿಸಿ ಅದರ ಮೇಲೆ ನಳಿಕೆಯನ್ನು ಜಾರಿಸುವ ಸರಳ ವಿಧಾನವನ್ನು ಪ್ರಕಟಿಸಿದ. ಇಂದು ಜಗತ್ತಿನಾದ್ಯಂತ ಅನುಸರಿಸುವುದು ಮುಖ್ಯವಾಗಿ ಅದನ್ನೇ. ಒಬ್ಬ ಸಾಹಸಿಯ ಪ್ರಯೋಗ ಹೀಗೆ ದಿನನಿತ್ಯದ ಕೆಲಸವಾಯಿತು. ದಿನನಿತ್ಯದ ಕೆಲಸವಾದದ್ದರ ಅಪಾಯವೆಂದರೆ, ಅದರ ಅಪಾಯ ಕಣ್ಣಿಗೆ ಬೀಳದೆ ಹೋಗುವುದು.

ಅಪಾಯಗಳನ್ನು ಎರಡು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯವು ಅಳವಡಿಸುವ ಗಳಿಗೆಯವು. ಅಭಿಧಮನಿಯ ಪಕ್ಕದಲ್ಲೇ ಇರುವ ಅಪಧಮನಿಗೆ ಸೂಜಿ ಚುಚ್ಚಿ ರಕ್ತಸ್ರಾವವಾಗಬಹುದು. ಶ್ವಾಸಕೋಶದ ಹೊದಿಕೆಗೆ ತಗಲಿ ಗಾಳಿ ನುಗ್ಗಿ ಶ್ವಾಸಕೋಶ ಕುಸಿಯಬಹುದು. ಹೃದಯಬಡಿತದ ಲಯ ತಪ್ಪಬಹುದು. ರಕ್ತದೊಳಕ್ಕೆ ಗಾಳಿಯ ಗುಳ್ಳೆ ಸೇರಬಹುದು. ಎರಡನೆಯವು ದಿನ ಕಳೆದಂತೆ ತಲೆದೋರುವವು. ನಳಿಕೆಯ ಸುತ್ತ ರಕ್ತ ಹೆಪ್ಪುಗಟ್ಟುವುದು ಮತ್ತು ಎಲ್ಲಕ್ಕಿಂತ ಮಿಗಿಲಾಗಿ, ರೋಗಾಣುಗಳು ಆ ನಳಿಕೆಯ ಹಾದಿಯಲ್ಲೇ ನೇರವಾಗಿ ರಕ್ತವನ್ನು ಸೇರಿ ನಂಜಾಗುವುದು. ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ 2003ರಲ್ಲಿ ಪ್ರಕಟಿಸಿದ ಸಮೀಕ್ಷೆಯೊಂದು, ಸೆಂಟ್ರಲ್ ಲೈನ್ ಪಡೆದ ರೋಗಿಗಳಲ್ಲಿ ಶೇ 15ಕ್ಕಿಂತ ಹೆಚ್ಚು ಮಂದಿಗೆ ಒಂದಲ್ಲ ಒಂದು ತೊಡಕು ಉಂಟಾಗುತ್ತದೆಂದು ಹೇಳಿತ್ತು.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಪ್ರತಿಯೊಂದು ತೊಡಕೂ ವೈದ್ಯರ ನಿರ್ಲಕ್ಷ್ಯವಲ್ಲ. ಎಲ್ಲ ಅಪಾಯಗಳನ್ನೂ ಒಟ್ಟಿಗೆ ತಪ್ಪಿಸುವ ಜಾಗ ದೇಹದಲ್ಲಿಲ್ಲ. ಫ್ರಾನ್ಸಿನಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಕೊರಳೆಲುಬಿನ ಕೆಳಗೆ ಅಳವಡಿಸಿದಾಗ ಸೋಂಕು ಮತ್ತು ಹೆಪ್ಪುಗಟ್ಟುವಿಕೆ ಕಡಿಮೆ. ಆದರೆ ಚಿಕಿತ್ಸೆ ಬೇಕಾಗುವಷ್ಟು ಶ್ವಾಸಕೋಶ ಕುಸಿಯುವ ಸಂಭವ ಅಲ್ಲಿ ಶೇ 1.5, ಕತ್ತಿನಲ್ಲಿ ಶೇ 0.5. ಒಂದನ್ನು ತಗ್ಗಿಸಿದರೆ ಇನ್ನೊಂದು ಏರುತ್ತದೆ. ಇಂಥ ಆಯ್ಕೆಯನ್ನು ರೋಗಿಯ ಸ್ಥಿತಿ ನೋಡಿ ವೈದ್ಯರೇ ಮಾಡಬೇಕು. ನ್ಯಾಯಾಲಯವಾಗಲಿ ಗುಂಪಾಗಲಿ ಅಲ್ಲ. ಆದರೆ ತಪ್ಪಿಸಲಾಗದ ತೊಡಕುಗಳ ಹೆಸರಿನಲ್ಲಿ ತಪ್ಪಿಸಬಹುದಾದವೂ ಕ್ಷಮೆ ಪಡೆಯಬಾರದು. ನಮ್ಮ ವ್ಯವಸ್ಥೆಯಲ್ಲಿ ಈ ಎರಡನ್ನೂ ಬೇರ್ಪಡಿಸುವ ಜರಡಿಯೇ ಇಲ್ಲ ಎಂಬುದು ಈ ಲೇಖನದ ಮೂಲ ಆಕ್ಷೇಪ.

ಅಳವಡಿಸುವ ಗಳಿಗೆಯ ಅಪಾಯವನ್ನು ತಗ್ಗಿಸುವ ಸಾಧನ ಹೊಸದೇನಲ್ಲ. ಅಲ್ಟ್ರಾಸೌಂಡ್ ಯಂತ್ರದಲ್ಲಿ ರಕ್ತನಾಳವನ್ನು ಕಣ್ಣಾರೆ ನೋಡಿ ಸೂಜಿ ಹಾಕಿದರೆ ಪ್ರಮಾದಗಳು ಗಣನೀಯವಾಗಿ ಇಳಿಯುತ್ತವೆ. ಬ್ರಿಟನ್ನಿನ ‘ನೈಸ್’ ಸಂಸ್ಥೆ ಕತ್ತಿನ ಅಭಿಧಮನಿಗೆ ಇದನ್ನು ಶಿಫಾರಸು ಮಾಡಿದ್ದು 2002ರಲ್ಲಿ. ನಮ್ಮಲ್ಲಿ ಇದಕ್ಕೊಂದು ವಿಚಿತ್ರ ಅಡ್ಡಿಯಿದೆ. ಭ್ರೂಣಲಿಂಗ ಪತ್ತೆಯನ್ನು ತಡೆಯಲು 1994ರಲ್ಲಿ ರೂಪುಗೊಂಡ ಕಾಯ್ದೆಯಡಿ ಪ್ರತಿಯೊಂದು ಅಲ್ಟ್ರಾಸೌಂಡ್ ಯಂತ್ರವೂ ನೋಂದಣಿಯಾಗಬೇಕು. ಒಯ್ಯಬಹುದಾದ ಯಂತ್ರಗಳ ಬಳಕೆಯನ್ನು 2012ರ ನಿಯಮಗಳು ಮತ್ತಷ್ಟು ಬಿಗಿಗೊಳಿಸಿದವು. ದಾಖಲೆ ನಿರ್ವಹಣೆಯ ಲೋಪವೂ ಅಪರಾಧವೇ ಎಂಬುದನ್ನು ಸುಪ್ರೀಂ ಕೋರ್ಟ್ 2019ರಲ್ಲಿ ಎತ್ತಿಹಿಡಿದಿದೆ. ಹೆಣ್ಣುಭ್ರೂಣ ಹತ್ಯೆಯ ಪಿಡುಗನ್ನು ಬಲ್ಲ ಯಾರೂ ಈ ಕಾಯ್ದೆಯನ್ನು ಸಡಿಲಿಸಿ ಎನ್ನಲಾರರು. ನೋಂದಾಯಿತ ಆಸ್ಪತ್ರೆಯೊಳಗೆ ಒಳರೋಗಿಗಳಿಗೆ ಇಂಥ ಯಂತ್ರ ಬಳಸಲು ಕಾನೂನಿನ ನಿಷೇಧವೂ ಇಲ್ಲ. ಆದರೆ ಕಾಗದಪತ್ರದ ಹೊರೆ ಮತ್ತು ಜಪ್ತಿಯ ಭಯದಿಂದಾಗಿ ಸಣ್ಣ ಆಸ್ಪತ್ರೆಗಳು ಆ ಯಂತ್ರದ ಗೊಡವೆಯೇ ಬೇಡವೆಂದು ದೂರ ಉಳಿಯುತ್ತವೆ. ರಕ್ತನಾಳ ನೋಡಲಷ್ಟೇ ಉಪಯುಕ್ತವಾದ ಯಂತ್ರಗಳಿಗೆ ಪ್ರತ್ಯೇಕ, ಸರಳ ನೋಂದಣಿ ವ್ಯವಸ್ಥೆ ರೂಪಿಸುವುದು ಅಸಾಧ್ಯವೇನಲ್ಲ. ಒಳ್ಳೆಯ ಕಾಯ್ದೆಯೊಂದರ ನೆರಳು ಬೇರೊಂದು ಒಳ್ಳೆಯ ಕೆಲಸದ ಮೇಲೆ ಬೀಳುವುದು ಆಡಳಿತದಲ್ಲಿ ಅಪರೂಪವಲ್ಲ. ಆ ನೆರಳನ್ನು ಸರಿಸುವುದೇ ಆಡಳಿತದ ಕೆಲಸ.

ಇನ್ನು ಸೋಂಕಿನ ವಿಷಯ. ಇದನ್ನು ಅಳೆಯಲು ಜಗತ್ತು ಒಪ್ಪಿಕೊಂಡ ಮಾನದಂಡವೊಂದಿದೆ. ಒಬ್ಬ ರೋಗಿಯ ದೇಹದಲ್ಲಿ ನಳಿಕೆ ಒಂದು ದಿನ ಇದ್ದರೆ ಅದು ಒಂದು ‘ಕ್ಯಾಥೆಟರ್ ದಿನ’. ಅಂಥ ಸಾವಿರ ದಿನಗಳಿಗೆ ಎಷ್ಟು ರಕ್ತನಂಜು ಎಂಬುದೇ ಸೋಂಕಿನ ದರ. ಏಳು ಭಾರತೀಯ ನಗರಗಳ ತೀವ್ರ ನಿಗಾ ಘಟಕಗಳನ್ನು ಆಧರಿಸಿ 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಈ ದರ ಸುಮಾರು 7.9 ಇತ್ತು. ದೆಹಲಿಯ ಏಮ್ಸ್ ನೇತೃತ್ವದ ಜಾಲವೊಂದು 2017–18ರಲ್ಲಿ 26 ಆಸ್ಪತ್ರೆಗಳ 89 ಘಟಕಗಳಿಂದ ಕಲೆಹಾಕಿ 2022ರಲ್ಲಿ ಪ್ರಕಟಿಸಿದ ಮಾಹಿತಿಯ ಪ್ರಕಾರ, ನವಜಾತ ಶಿಶುಗಳ ಘಟಕಗಳಲ್ಲಿ ಈ ದರ 20ನ್ನೂ ಮೀರಿತ್ತು. ಇಪ್ಪತ್ತು ಹಾಸಿಗೆಯ ಒಂದು ಘಟಕದಲ್ಲಿ ಪ್ರತಿದಿನ ಹತ್ತು ರೋಗಿಗಳಿಗೆ ಸೆಂಟ್ರಲ್ ಲೈನ್ ಇರುತ್ತದೆ ಎಂದಿಟ್ಟುಕೊಳ್ಳೋಣ. ವರ್ಷಕ್ಕೆ 3,650 ಕ್ಯಾಥೆಟರ್ ದಿನಗಳಾದವು. ದರ ಎಂಟಿದ್ದರೆ ವರ್ಷಕ್ಕೆ 29 ಮಂದಿಗೆ ರಕ್ತನಂಜು. ದರ ಒಂದಕ್ಕೆ ಇಳಿದರೆ ಮೂರ್ನಾಲ್ಕು ಮಂದಿಗೆ. ಈ ಎರಡರ ನಡುವಣ ಅಂತರವೇ ಒಂದು ಆಸ್ಪತ್ರೆಯ ಆಡಳಿತದ ನಿಜವಾದ ಅಂಕಪಟ್ಟಿ.

ಸೋಂಕಿನ ಕಾರಣಗಳು ನಿಗೂಢವಲ್ಲ. ಕೈ ತೊಳೆಯದಿರುವುದು, ನಳಿಕೆಯ ಬಾಯನ್ನು ಪ್ರತಿಸಲವೂ ಉಜ್ಜಿ ಶುಚಿಗೊಳಿಸದೆ ಔಷಧ ಚುಚ್ಚುವುದು, ಅಗತ್ಯ ತೀರಿದ ಮೇಲೂ ನಳಿಕೆಯನ್ನು ‘ಇರಲಿ, ಬೇಕಾದೀತು’ ಎಂದು ಬಿಟ್ಟುಬಿಡುವುದು. ಗಡಸು ಪ್ಲಾಸ್ಟಿಕ್ ಬಾಟಲಿಯಿಂದ ದ್ರಾವಣ ಸರಾಗವಾಗಿ ಇಳಿಯಲೆಂದು ಅದಕ್ಕೆ ಸೂಜಿಯೊಂದನ್ನು ಚುಚ್ಚಿ ಗಾಳಿ ಬಿಡುವ ರೂಢಿ ನಮ್ಮ ವಾರ್ಡುಗಳಲ್ಲಿ ಇಂದಿಗೂ ಕಾಣಸಿಗುತ್ತದೆ. ಆ ಗಾಳಿಯೊಡನೆ ವಾರ್ಡಿನ ರೋಗಾಣುಗಳಿಗೂ ಪ್ರವೇಶ ದೊರೆಯುತ್ತದೆ. ತಾನಾಗಿ ಕುಗ್ಗುವ ಮುಚ್ಚಿದ ಚೀಲಗಳು ಬಂದರೆ ಆ ಸೂಜಿಯ ಅಗತ್ಯವೇ ಇರದು. ಕೃತಕ ಉಸಿರಾಟದ ಯಂತ್ರದಲ್ಲಿರುವ ಒಬ್ಬ ರೋಗಿಗೆ ಒಬ್ಬ ಶುಶ್ರೂಷಕಿ ಎಂಬುದು ಒಪ್ಪಿತ ಸೂತ್ರ. ಒಬ್ಬಳೇ ಮೂರ್ನಾಲ್ಕು ಹಾಸಿಗೆಗಳ ನಡುವೆ ಓಡಾಡಬೇಕಾದಾಗ ಮೊದಲು ಬಿಟ್ಟುಹೋಗುವುದು ಕೈ ತೊಳೆಯುವ ಆ ಅರ್ಧ ನಿಮಿಷವೇ. ಭಾರತದಲ್ಲಿ ಇದರ ಬೆಲೆ ಇನ್ನೂ ಹೆಚ್ಚು. ಪ್ರಬಲ ಪ್ರತಿಜೈವಿಕಗಳಿಗೂ ಬಗ್ಗದ ಕ್ಲೆಬ್ಸಿಯೆಲ್ಲಾ, ಅಸಿನೆಟೊಬ್ಯಾಕ್ಟರ್‌ನಂಥ ರೋಗಾಣುಗಳು ನಮ್ಮ ಘಟಕಗಳಲ್ಲಿ ಬೇರೂರಿವೆ. ಬೇರೆ ದೇಶದಲ್ಲಿ ಸಾಮಾನ್ಯ ಔಷಧಕ್ಕೆ ಮಣಿಯುವ ಸೋಂಕು ಇಲ್ಲಿ ಕೊನೆಯ ಅಸ್ತ್ರವನ್ನೂ ಸೋಲಿಸಬಲ್ಲದು.

ಇದನ್ನು ತಡೆಯಬಹುದೇ ಎಂಬ ಪ್ರಶ್ನೆಗೆ ಉತ್ತರ ದೊರೆತು ಎರಡು ದಶಕಗಳೇ ಆಗುತ್ತಿವೆ. ಜಾನ್ಸ್ ಹಾಪ್ಕಿನ್ಸ್‌ನ ಪೀಟರ್ ಪ್ರೊನೊವೋಸ್ಟ್ ನೇತೃತ್ವದಲ್ಲಿ ಅಮೆರಿಕದ ಮಿಷಿಗನ್ ರಾಜ್ಯದ ನೂರಕ್ಕೂ ಹೆಚ್ಚು ತೀವ್ರ ನಿಗಾ ಘಟಕಗಳು ಐದು ಸರಳ ಕ್ರಮಗಳನ್ನು ಜಾರಿಗೆ ತಂದವು: ಕೈ ತೊಳೆಯುವುದು, ಅಳವಡಿಸುವಾಗ ರೋಗಿಯನ್ನು ಪೂರ್ತಿ ಶುದ್ಧ ಹೊದಿಕೆಯಿಂದ ಮುಚ್ಚಿ ವೈದ್ಯರೂ ಗೌನು, ಮುಖಗವಸು, ಕೈಗವಸು ಧರಿಸುವುದು, ಕ್ಲೋರ್‌ಹೆಕ್ಸಿಡಿನ್‌ನಿಂದ ಚರ್ಮ ಶುಚಿಗೊಳಿಸುವುದು, ಸಾಧ್ಯವಿದ್ದಲ್ಲಿ ತೊಡೆಸಂದನ್ನು ಬಿಡುವುದು, ಬೇಡವಾದ ನಳಿಕೆಯನ್ನು ಕೂಡಲೇ ತೆಗೆಯುವುದು. 2006ರ ಡಿಸೆಂಬರ್‌ನಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಸರಾಸರಿ ಸೋಂಕಿನ ದರ 7.7ರಿಂದ, ಹದಿನೆಂಟು ತಿಂಗಳಲ್ಲಿ, 1.4ಕ್ಕೆ ಇಳಿಯಿತು. ಮಿಷಿಗನ್ ಹೊರಟ ಬಿಂದು 7.7, ಹೆಚ್ಚುಕಡಿಮೆ ಅದೇ ಕಾಲದ ಭಾರತದ ಅಂಕಿ 7.9. ಅಂದರೆ ನಾವು ಹೊರಡಬೇಕಿದ್ದ ಜಾಗ ಅವರಿಗಿಂತ ತೀರಾ ಹಿಂದಿರಲಿಲ್ಲ. ನಾವು ಹೊರಡಲಿಲ್ಲ, ಅಷ್ಟೆ.

ಈ ಯಶಸ್ಸನ್ನು ಒಂದು ಪುಟದ ತಪಶೀಲು ಪಟ್ಟಿಯ ಪವಾಡವೆಂದು ಬಣ್ಣಿಸುವುದು ವಾಡಿಕೆ. ವಾಸ್ತವ ಹಾಗಿಲ್ಲ. ಮಿಷಿಗನ್‌ನಲ್ಲಿ ನಿಯಮ ಮುರಿದ ವೈದ್ಯರನ್ನು ಅಲ್ಲಿಯೇ ತಡೆಯುವ ಅಧಿಕಾರವನ್ನು ಶುಶ್ರೂಷಕಿಯರಿಗೆ ಕೊಡಲಾಯಿತು. ಆಸ್ಪತ್ರೆಯ ಹಿರಿಯ ಅಧಿಕಾರಿಗಳನ್ನು ಘಟಕಗಳಿಗೆ ಜೋಡಿಸಿ, ಬೇಕಾದ ಸಾಮಗ್ರಿ ಅಲ್ಲಿ ಸದಾ ಇರುವಂತೆ ನೋಡಿಕೊಳ್ಳಲಾಯಿತು. ಪ್ರತಿ ಘಟಕಕ್ಕೂ ಅದರದೇ ಅಂಕಿಅಂಶ ನಿಯತವಾಗಿ ತಲುಪುತ್ತಿತ್ತು. ಪಟ್ಟಿಯನ್ನು ಸುತ್ತೋಲೆಯಾಗಿ ಹೊರಡಿಸಿ ಕೈತೊಳೆದುಕೊಳ್ಳುವುದು ಸುಲಭ. ವೈದ್ಯನ ಕೈಯನ್ನು ದಾದಿ ಹಿಡಿದು ನಿಲ್ಲಿಸಬಲ್ಲ ವಾತಾವರಣ ಕಟ್ಟುವುದು ಕಷ್ಟ. ಹಿರಿಯರ ಮುಂದೆ ಕಿರಿಯರು ಬಾಯಿ ತೆರೆಯದ ನಮ್ಮ ಆಸ್ಪತ್ರೆಗಳಲ್ಲಿ ಇದು ಇನ್ನೂ ಕಷ್ಟ. ಇಡೀ ಅಮೆರಿಕದ ತೀವ್ರ ನಿಗಾ ಘಟಕಗಳಲ್ಲಿ 2001ರಲ್ಲಿ ಅಂದಾಜು 43,000 ಇದ್ದ ಇಂಥ ಸೋಂಕುಗಳು 2009ರಲ್ಲಿ 18,000ಕ್ಕೆ ಇಳಿದವು. ಆದರೆ ಕೋವಿಡ್ ಬಂದ 2020ರಲ್ಲಿ ಅದೇ ದೇಶದಲ್ಲಿ ದರ ಮತ್ತೆ ಏರಿತು. ಈ ಸಾಧನೆ ಒಮ್ಮೆ ಗಳಿಸಿ ತಿಜೋರಿಯಲ್ಲಿಡುವಂಥದ್ದಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಹಾಗಾದರೆ ನಮ್ಮಲ್ಲಿ ಇದು ಏಕೆ ಆಗುವುದಿಲ್ಲ? ಉತ್ತರದ ಬಹುಪಾಲು ವೈದ್ಯಶಾಸ್ತ್ರದಲ್ಲಿಲ್ಲ, ಅರ್ಥಶಾಸ್ತ್ರದಲ್ಲಿದೆ. ಆರೋಗ್ಯ ಸೇವೆಯ ಮಾರುಕಟ್ಟೆ ಇತರ ಮಾರುಕಟ್ಟೆಗಳಂತಲ್ಲವೆಂದು ಕೆನೆತ್ ಆ್ಯರೋ 1963ರಲ್ಲೇ ವಿವರಿಸಿದ್ದರು. ಕೊಳ್ಳುವವನಿಗೆ ಸರಕಿನ ಗುಣಮಟ್ಟ ತಿಳಿಯುವುದಿಲ್ಲ. ಮಾರುವವನೇ ಸಲಹೆಗಾರನೂ ಆಗಿರುತ್ತಾನೆ. ಬಾಬ್ತುವಾರು ಬಿಲ್ ಮಾಡುವ ಖಾಸಗಿ ಆಸ್ಪತ್ರೆಯಲ್ಲಿ ಸೋಂಕು ತಗುಲಿದರೆ ಆಗುವುದೇನು? ಇನ್ನೊಂದು ವಾರ ಹಾಸಿಗೆ ಬಾಡಿಗೆ, ದುಬಾರಿ ಪ್ರತಿಜೈವಿಕ, ಮತ್ತಷ್ಟು ಪರೀಕ್ಷೆ, ಹೊಸದೊಂದು ಲೈನ್. ಆಸ್ಪತ್ರೆಯ ಲೋಪದ ವೆಚ್ಚ ರೋಗಿಯ ಬಿಲ್ಲಿನಲ್ಲಿ ಆಸ್ಪತ್ರೆಯ ಆದಾಯವಾಗಿ ನಮೂದಾಗುತ್ತದೆ. ಯಾವ ವೈದ್ಯರೂ ಬೇಕೆಂದು ಸೋಂಕು ತರುವುದಿಲ್ಲ; ಹಾಗೆ ಭಾವಿಸುವುದು ಅನ್ಯಾಯ. ಆದರೆ ಸೋಂಕು ತಡೆಯಲು ದುಡ್ಡು ಖರ್ಚು ಮಾಡುವ ಆಸ್ಪತ್ರೆಗೆ ಆದಾಯ ತಗ್ಗುತ್ತದೆ ಎಂದಾದರೆ ಆಡಳಿತ ಮಂಡಳಿಯ ಆಸಕ್ತಿ ಎತ್ತ ವಾಲೀತು? ಅಮೆರಿಕದ ಆಸ್ಪತ್ರೆ ಸಮೂಹವೊಂದರ ಬಗ್ಗೆ 2013ರಲ್ಲಿ ಪ್ರಕಟವಾದ ಅಧ್ಯಯನವು, ಖಾಸಗಿ ವಿಮೆಯಿರುವ ಶಸ್ತ್ರಚಿಕಿತ್ಸಾ ರೋಗಿಗೆ ತೊಡಕು ಉಂಟಾದರೆ ಆಸ್ಪತ್ರೆಗೆ ಸುಮಾರು 39 ಸಾವಿರ ಡಾಲರ್ ಹೆಚ್ಚುವರಿ ಉಳಿಕೆಯಾಗುತ್ತಿತ್ತೆಂದು ತೋರಿಸಿತು. ಇದಕ್ಕೂ ಮೊದಲೇ, 2008ರ ಅಕ್ಟೋಬರ್‌ನಿಂದ, ಅಲ್ಲಿನ ಸರ್ಕಾರಿ ವಿಮೆಯಾದ ಮೆಡಿಕೇರ್, ಕ್ಯಾಥೆಟರ್ ಸೋಂಕಿನ ಹೆಚ್ಚುವರಿ ವೆಚ್ಚವನ್ನು ಭರಿಸುವುದಿಲ್ಲವೆಂದು ಘೋಷಿಸಿತ್ತು.

ನಮ್ಮ ಕಾನೂನು ಈ ಪ್ರಶ್ನೆಯನ್ನು ಮುಟ್ಟಿದ್ದು ಬೇರೆ ತುದಿಯಿಂದ. 1995ರ ವಿ.ಪಿ. ಶಾಂತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ವೈದ್ಯಸೇವೆಯನ್ನು ಗ್ರಾಹಕ ಕಾನೂನಿನ ವ್ಯಾಪ್ತಿಗೆ ತಂದಿತು. 2005ರ ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ ಘೋರ ನಿರ್ಲಕ್ಷ್ಯವಿದ್ದರೆ ಮಾತ್ರ ಕ್ರಿಮಿನಲ್ ಹೊಣೆಯೆಂದಿತು. 2024ರ ಜುಲೈನಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ, ನಿರ್ಲಕ್ಷ್ಯದಿಂದ ಸಾವು ಸಂಭವಿಸಿದರೆ ನೋಂದಾಯಿತ ವೈದ್ಯರಿಗೆ ಎರಡು ವರ್ಷದವರೆಗೆ ಶಿಕ್ಷೆ ವಿಧಿಸುತ್ತದೆ. ಇವೆಲ್ಲವೂ ಒಬ್ಬ ವೈದ್ಯ, ಒಬ್ಬ ರೋಗಿ, ಒಂದು ಘಟನೆಯ ಚೌಕಟ್ಟಿನವು. ಸೆಂಟ್ರಲ್ ಲೈನಿನ ಸೋಂಕು ಯಾರ ಕೈಯಿಂದ, ಯಾವ ದಿನ, ಯಾವ ಚುಚ್ಚುಮದ್ದಿನೊಡನೆ ಬಂತೆಂದು ಸಾಬೀತುಪಡಿಸುವುದು ಅಸಾಧ್ಯಪ್ರಾಯ. ಅದು ವ್ಯಕ್ತಿಯ ಅಪರಾಧಕ್ಕಿಂತ ವ್ಯವಸ್ಥೆಯ ಶೈಥಿಲ್ಯ. ಅದನ್ನು ಹಿಡಿಯುವ ಬಲೆ ನ್ಯಾಯಾಲಯವಲ್ಲ, ಅಂಕಿಅಂಶ.

ಕರ್ನಾಟಕದಲ್ಲಿ 2017ರಲ್ಲಿ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ತಿದ್ದುಪಡಿಗೆ ವೈದ್ಯರು ಮುಷ್ಕರ ಹೂಡಿದ್ದನ್ನು ಓದುಗರು ಮರೆತಿರಲಾರರು. ಅಂದಿನ ವಾಗ್ವಾದವೆಲ್ಲ ದರ ಮತ್ತು ದಂಡದ ಸುತ್ತಲೇ ಗಿರಕಿ ಹೊಡೆಯಿತು. ಆಸ್ಪತ್ರೆಯೊಂದು ತನ್ನ ಸೋಂಕಿನ ದರವನ್ನು ಪ್ರಕಟಿಸಬೇಕೆಂಬ ಸಾಧಾರಣ ಬೇಡಿಕೆ ಎರಡೂ ಪಾಳಯಗಳ ಮುಖ್ಯ ಕಾರ್ಯಸೂಚಿಯಾಗಲಿಲ್ಲ. ರಾಷ್ಟ್ರೀಯ ಮಾನ್ಯತಾ ಮಂಡಳಿ ‘ಎನ್ಎಬಿಎಚ್’ನ ಮಾನ್ಯತೆ ಬಯಸುವ ಆಸ್ಪತ್ರೆಗಳು ಈ ದರವನ್ನು ಲೆಕ್ಕ ಹಾಕುತ್ತವೆ, ನಿಜ. ಆದರೆ ಆ ಮಾನ್ಯತೆ ಐಚ್ಛಿಕ; ಲೆಕ್ಕ ಕಡತದಲ್ಲೇ ಉಳಿಯುತ್ತದೆ. ಕೊಠಡಿ ಬಾಡಿಗೆಯ ಫಲಕ ಸ್ವಾಗತ ಕೌಂಟರಿನಲ್ಲಿ ಕಾಣುತ್ತದೆ, ಸೋಂಕಿನ ಫಲಕ ಎಲ್ಲಿಯೂ ಕಾಣುವುದಿಲ್ಲ.

ಸರ್ಕಾರ ಮಾಡಬಹುದಾದದ್ದು ಏನು? ಮೊದಲನೆಯದಾಗಿ, ನಿರ್ದಿಷ್ಟ ಸಂಖ್ಯೆಗಿಂತ ಹೆಚ್ಚು ತೀವ್ರ ನಿಗಾ ಹಾಸಿಗೆಗಳಿರುವ ಸರ್ಕಾರಿ ಮತ್ತು ಖಾಸಗಿ ಆಸ್ಪತ್ರೆಗಳೆಲ್ಲವೂ ಕ್ಯಾಥೆಟರ್ ದಿನ ಹಾಗೂ ರಕ್ತನಂಜಿನ ಲೆಕ್ಕವನ್ನು ಒಂದೇ ವ್ಯಾಖ್ಯೆಯಡಿ ಆರೋಗ್ಯ ಇಲಾಖೆಗೆ ಸಲ್ಲಿಸಬೇಕು. ಮೊದಲೆರಡು ವರ್ಷ ಅದು ಗೋಪ್ಯವಾಗಿರಲಿ, ಆಸ್ಪತ್ರೆಗಳು ತಮ್ಮನ್ನು ತಾವೇ ತಿದ್ದಿಕೊಳ್ಳಲಿ. ಆ ಬಳಿಕ ಬಹಿರಂಗವಾಗಲಿ. ಬಳ್ಳಾರಿ ದುರಂತದ ನಂತರ ರಾಜ್ಯವು ಬಾಣಂತಿಯರ ಸಾವಿನ ಪರಿಶೋಧನೆ ನಡೆಸಿದೆ. ಮನಸ್ಸಿದ್ದರೆ ಲೆಕ್ಕ ಹಿಡಿಯಬಹುದೆಂಬುದು ಅಲ್ಲಿಯೇ ಸಿದ್ಧವಾಗಿದೆ. ಎರಡನೆಯದಾಗಿ, ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ಹಣ ಪಾವತಿಸುವ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಬಹುದೊಡ್ಡ ಖರೀದಿದಾರ. ಲೆಕ್ಕ ಕೊಡದ ಆಸ್ಪತ್ರೆಯನ್ನು ಯೋಜನೆಯ ಪಟ್ಟಿಯಿಂದ ಕೈಬಿಡುವ ಷರತ್ತನ್ನು ಅದು ಒಂದು ಆದೇಶದಲ್ಲಿ ವಿಧಿಸಬಹುದು. ಮೂರನೆಯದಾಗಿ, ಸರ್ಕಾರಿ ಖರೀದಿಯಲ್ಲಿ ಮುಚ್ಚಿದ ದ್ರಾವಣ ಚೀಲ, ಕ್ಲೋರ್‌ಹೆಕ್ಸಿಡಿನ್ ಹಾಗೂ ಪೂರ್ಣ ಹೊದಿಕೆಯ ಒಂದೇ ಪೊಟ್ಟಣ ಸೇರಬೇಕು. ನಾಲ್ಕನೆಯದಾಗಿ, ಮೂತ್ರಪಿಂಡ ವೈಫಲ್ಯದ ರೋಗಿಗಳಿಗೆ ಕೈಯಲ್ಲಿ ಶಾಶ್ವತ ರಕ್ತನಾಳ ಜೋಡಣೆಯನ್ನು ಮುಂಚಿತವಾಗಿ ಮಾಡಿಸಬೇಕು. ಅದು ಪಕ್ವವಾಗಲು ವಾರಗಳೇ ಬೇಕು. ತಡವಾಗಿ ಬಂದವರು ಕತ್ತಿನ ನಳಿಕೆಯಲ್ಲೇ ತಿಂಗಳುಗಟ್ಟಲೆ ಡಯಾಲಿಸಿಸ್ ಪಡೆಯುತ್ತ ಸೋಂಕಿಗೆ ತುತ್ತಾಗುತ್ತಾರೆ.

ಇದಕ್ಕೆ ಆಕ್ಷೇಪಗಳಿವೆ, ಮತ್ತು ಅವು ಹಗುರವಾದವಲ್ಲ. ಅಂಕಿ ಪ್ರಕಟಿಸೆಂದರೆ ಆಸ್ಪತ್ರೆಗಳು ಅಂಕಿಯನ್ನೇ ತಿದ್ದಬಹುದು. ರಕ್ತಪರೀಕ್ಷೆಯನ್ನೇ ಮಾಡಿಸದಿದ್ದರೆ ಸೋಂಕೂ ಇಲ್ಲ! ಇಂಗ್ಲೆಂಡಿನಲ್ಲಿ 2009ರಿಂದ 2011ರವರೆಗೆ ನಡೆದ ಇಂಥದೇ ಯೋಜನೆಯನ್ನು ಅಧ್ಯಯನ ಮಾಡಿದ ಸಮಾಜಶಾಸ್ತ್ರಜ್ಞರು, ಒಂದೊಂದು ಘಟಕವೂ ಒಂದೊಂದು ರೀತಿ ಎಣಿಸುತ್ತಿತ್ತು, ವಂಚನೆಗಿಂತ ಗೊಂದಲವೇ ಹೆಚ್ಚಿತ್ತು ಎಂದು ಕಂಡುಕೊಂಡರು. ಆದ್ದರಿಂದ ಎಷ್ಟು ರೋಗಿಗಳಿಗೆ ರಕ್ತ ಕೃಷಿ ಪರೀಕ್ಷೆ ನಡೆಯಿತೆಂಬ ಮಾಹಿತಿಯನ್ನೂ ಜೊತೆಗೇ ಕೇಳಬೇಕು. ಹೊರಗಿನವರಿಂದ ಯಾದೃಚ್ಛಿಕ ತಪಾಸಣೆ ನಡೆಯಬೇಕು. ಗಂಭೀರ ರೋಗಿಗಳನ್ನೇ ದಾಖಲಿಸಿಕೊಳ್ಳುವ ದೊಡ್ಡ ಸರ್ಕಾರಿ ಆಸ್ಪತ್ರೆಯನ್ನು ಸುಖಾಸೀನ ನರ್ಸಿಂಗ್ ಹೋಮಿನೊಡನೆ ಹೋಲಿಸುವುದು ಅನ್ಯಾಯವೆಂಬ ವಾದವೂ ಸರಿಯೇ. ಪ್ರತಿ ಆಸ್ಪತ್ರೆಯನ್ನೂ ಮೊದಲು ಅದರದೇ ಹಿಂದಿನ ವರ್ಷದೊಡನೆ ಹೋಲಿಸುವುದು ಅದಕ್ಕೆ ಪರಿಹಾರ. ಅಂಕಿ ಅಪೂರ್ಣವೆಂಬುದು ಅದನ್ನು ಸುಧಾರಿಸಲು ಕಾರಣವಾಗಬೇಕೇ ಹೊರತು, ಎಣಿಸದೇ ಇರಲು ನೆಪವಾಗಬಾರದು.

ಅಲ್ಲಿಯವರೆಗೆ ಬಂಧುಗಳು ಮಾಡಬಹುದಾದದ್ದು ಅಲ್ಪ, ಆದರೆ ಶೂನ್ಯವಲ್ಲ. ಪ್ರತಿದಿನ ಬೆಳಿಗ್ಗೆ ವೈದ್ಯರನ್ನು ವಿನಯದಿಂದಲೇ ಒಂದು ಪ್ರಶ್ನೆ ಕೇಳಬಹುದು: ‘ಈ ಲೈನ್ ಇವತ್ತೂ ಬೇಕೇ?’ ಒಳ್ಳೆಯ ಘಟಕಗಳಲ್ಲಿ ವೈದ್ಯರು ತಮ್ಮನ್ನು ತಾವೇ ಕೇಳಿಕೊಳ್ಳುವ ಪ್ರಶ್ನೆ ಇದು. ಕೇಳಿದರೆ ಅವರು ಸಿಡುಕುವುದಿಲ್ಲ. ಆದರೆ ಗಾಬರಿಯಲ್ಲಿರುವ ಕುಟುಂಬದ ಮೇಲೆ ಆಸ್ಪತ್ರೆಯನ್ನು ಕಾಯುವ ಹೊಣೆ ಹೊರಿಸಿ ಸರ್ಕಾರ ಸುಮ್ಮನಿರಲಾಗದು. ಒಪ್ಪಿಗೆ ಪತ್ರದಲ್ಲಿ ‘ಸೋಂಕು ತಗಲುವ ಸಂಭವವಿದೆ’ ಎಂದು ಬರೆಯುವ ಆಸ್ಪತ್ರೆ, ತನ್ನಲ್ಲಿ ಕಳೆದ ವರ್ಷ ಅದು ಎಷ್ಟು ಮಂದಿಗೆ ತಗಲಿತೆಂಬುದನ್ನೂ ಅದೇ ಹಾಳೆಯಲ್ಲಿ ಬರೆಯಲಿ. ಸಹಿ ಹಾಕುವವನಿಗೆ ಅಷ್ಟನ್ನು ತಿಳಿಯುವ ಹಕ್ಕಿದೆ.